ಕದ್ದು ಪಾಠ ಮಾಡುವ ಹೆಡ್‌ಮಾಸ್ತರು

ಸರಕಾರಿ ನೌಕರಿಯಲ್ಲಿ ಹಿರಿತನಕ್ಕಾಗಿ ಜಗಳವಾಡದವರು ಯಾರು? ಅರ್ಧ ದಿನ ಮೊದಲು ಹಾಜರಾದವನು ಇನ್ನೊಬ್ಬನ ಮುಂದೆ ಆಯುಷ್ಯವಿಡೀ ಎದೆ ಸೆಟೆಸಿ ನಡೆಯುತ್ತಾನೆ. ಇದರ ತದ್ವಿರುದ್ಧ ನೋಡಬೇಕೆಂದರೆ ಬಬಲೇಶ್ವರ, ತಿಕೋಟಾ ಸೀಮೆಯ ಯಾವುದಾದರೂ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೆಡ್‌ಮಾಸ್ತರು ನಿವೃತ್ತರಾಗುವ ದಿನ ಸಂಜೆ ಹೋಗಬೇಕು. ಹಾರ, ಶಾಲು, ಕಣ್ಣೀರು, ಶಿರಾ, ಚುರಮರಿ ಎಲ್ಲ ಮುಗಿದ ಮೇಲೆ ಆಫೀಸು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ನಿಜವಾದ ಕಾರ್ಯಕ್ರಮ ನಡೆಯುತ್ತದೆ. ಹೊಸಬರು ಬರುವ ತನಕ ಇದ್ದವರಲ್ಲಿ ಹಿರಿಯರು ಚಾರ್ಜ್ ತಗೊಳ್ಳಬೇಕು. ಹಿರಿಯರು ಇಬ್ಬರು. ಒಂದೇ ದಿನ ನೌಕರಿಗೆ ಹಾಜರಾದವರು.

“ನೀವ ಸೀನಿಯರ್ ರೀ. ನೀವು ಮುಂಜಾನೆ ಹಾಜರಾಗೀರಿ, ನಾ ಮಧ್ಯಾಹ್ನ.”

“ಏ, ಅವತ್ತ ನನ್ನ ಬಸ್ ಕೆಟ್ಟಿತ್ತರೀ. ಸೇವಾ ಪುಸ್ತಕ ತಗೀರಿ, ಅಪರಾಹ್ನ ಅಂತ ಬರದದ.”

“ನಂದೂ ಅಪರಾಹ್ನನ ಐತಿ. ಹಂಗಾದ್ರ ಹುಟ್ಟಿದ ತಾರೀಖ ನೋಡೂಣು.”

ನೋಡಿದರೆ ಇಬ್ಬರದೂ ಜೂನ್ 1. ಈ ಸೀಮೆಯಲ್ಲಿ ಒಂದು ತಲೆಮಾರಿನವರೆಲ್ಲ ಹುಟ್ಟಿದ್ದು ಜೂನ್ 1ರಂದೇ. ತಾಯಂದಿರು ಯಾವಾಗಲೋ ಹಡೆದಿರಬಹುದು, ದಾಖಲೆಯಲ್ಲಿ ಹುಟ್ಟಿಸಿದವರು ಆಗಿನ ಹೆಡ್‌ಮಾಸ್ತರರು. ಕೊನೆಗೆ ಇಸವಿಯಲ್ಲಿ ಒಂದು ಹಿಂದಿದ್ದವರು ಸೋತರು. ಅವರೇ ನಮ್ಮ ಪ್ರಭಾರಿ ಮುಖ್ಯ ಗುರುಗಳು. ಹೆಸರು ಬರೆಯುವುದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರು “ನಮ್ದ್ಯಾಕ ಬಿಟ್ರಿ” ಎಂದು ಜಗಳಕ್ಕೆ ಬರುತ್ತಾರೆ.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಅಂಗಿ ತೊಟ್ಟು ಬಾಳಿದರು. ಪ್ರಭಾರಿಗಳು ಅವರ ಪರಮ ಭಕ್ತರು, ಜ್ಞಾನಯೋಗಾಶ್ರಮದ ಕಡೆ ಹಾದರೆ ಗಾಡಿ ನಿಲ್ಲಿಸಿ ಕೈ ಮುಗಿಯದೆ ಮುಂದೆ ಹೋಗುವವರಲ್ಲ. ಆದರೆ ಇವರ ಅಂಗಿಯಲ್ಲಿ ಕಿಸೆ ತೆಗೆದರೆ ಅಂಗಿಯೇ ಉಳಿಯುವುದಿಲ್ಲ. ಎದೆಯ ಕಿಸೆಯಲ್ಲಿ ಪೆನ್ನು ಎರಡು, ಜಂತುಹುಳು ಗುಳಿಗೆಯ ಉಳಿದ ಪಟ್ಟಿ, ಸಿಲಿಂಡರ್ ಪಾವತಿ, ಯಾರದೋ ಟೀಸಿಗೆ ಬೇಕಾದ ಆಧಾರ್ ಜೆರಾಕ್ಸು. ಪ್ಯಾಂಟಿನ ಬಲಗಿಸೆಯಲ್ಲಿ ಸೀಲು. ಈ ಸೀಲಿನದೇ ಒಂದು ಪುರಾಣ. ‘ಜಿ: ಬಿಜಾಪುರ’ ಎಂಬ ಸೀಲಿನಿಂದ ನೌಕರಿ ಶುರುವಾಯಿತು. 2014ರ ನವೆಂಬರ್ 1ಕ್ಕೆ ಜಿಲ್ಲೆ ವಿಜಯಪುರ ಆಯಿತು, ಹೊಸ ಸೀಲು. ಕೆಲ ವರ್ಷಕ್ಕೆ ಬಬಲೇಶ್ವರ, ತಿಕೋಟಾ ಬೇರೆ ಬೇರೆ ತಾಲೂಕಾದವು, ಮತ್ತೆ ಹೊಸ ಸೀಲು. ಸರಕಾರ ಹೆಸರು ಬದಲಿಸಿದಾಗಲೆಲ್ಲ ಊರಲ್ಲಿ ಪಟಾಕಿ ಹಾರಿದವು, ಸೀಲಿನ ದುಡ್ಡು ಮಾತ್ರ ಮಾಸ್ತರರ ಕಿಸೆಯಿಂದ ಹೋಯಿತು. ಎಡಗಿಸೆಯಲ್ಲಿ ಪುಟ್ಟ ಡೈರಿ, ಅದರಲ್ಲಿ ಹತ್ತಾರು ಪಾಸ್‌ವರ್ಡುಗಳು. ಯುಡೈಸ್, ಎಸ್‌ಎಟಿಎಸ್, ಬಿಸಿಯೂಟ, ವಿದ್ಯಾರ್ಥಿವೇತನ, ಒಂದೊಂದಕ್ಕೂ ಒಂದೊಂದು ಬೀಗ. ಹೆಂಡತಿಯ ಹುಟ್ಟುಹಬ್ಬ ಅವರಿಗೆ ನೆನಪಿರುವುದು ಅದು ಎಸ್‌ಎಟಿಎಸ್ ಪಾಸ್‌ವರ್ಡು ಆಗಿರುವುದರಿಂದ. ಇಷ್ಟೆಲ್ಲದರ ತಳದಲ್ಲಿ ಒಂದು ತುಂಡು ಸೀಮೆಸುಣ್ಣ ಇರುತ್ತದೆ. ಅದರ ಪ್ರಕರಣ ಮುಂದೆ ಬರುತ್ತದೆ.

ಪ್ರಭಾರಿಗಳ ದಿನ ಬೆಳಗಾಗುವುದು ಕೋಳಿಯಿಂದಲ್ಲ, ವಾಟ್ಸಾಪ್‌ನಿಂದ. ಜಮಖಂಡಿ ರಸ್ತೆಯಲ್ಲಿ ಬೈಕು ಬಬಲೇಶ್ವರ ಮುಟ್ಟುವಷ್ಟರಲ್ಲಿ ಕಿಸೆಯೊಳಗಿನ ಫೋನು ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ಸುಸ್ತಾಗಿರುತ್ತದೆ. ‘ಅತೀ ಜರೂರು’ ಎಂದರೆ ಸಂಜೆಯೊಳಗೆ. ‘ಅತ್ಯಂತ ತುರ್ತು’ ಎಂದರೆ ಮಧ್ಯಾಹ್ನ ಹನ್ನೆರಡರೊಳಗೆ. ಎರಡೂ ಇಲ್ಲದೆ ಬರೀ ‘ತಪ್ಪಿದಲ್ಲಿ ಮುಖ್ಯ ಗುರುಗಳೇ ನೇರ ಹೊಣೆ’ ಎಂದಿದ್ದರೆ ಗಡುವು ನಿನ್ನೆಗೇ ಮುಗಿದಿದೆ ಎಂದರ್ಥ. ಎಲ್ಲಕ್ಕಿಂತ ಸೊಗಸಾದದ್ದು ಶೂನ್ಯ ವರದಿ. ನಿಮ್ಮ ಶಾಲೆಯಲ್ಲಿ ಬಿದ್ದ ಕೋಣೆ ಎಷ್ಟು, ಬೆಂಕಿ ಹತ್ತಿದ ದಾಖಲೆ ಎಷ್ಟು? ಏನೂ ಇಲ್ಲ. ಏನೂ ಇಲ್ಲ ಎಂಬುದನ್ನೇ ನಿಗದಿತ ನಮೂನೆಯಲ್ಲಿ ತರಗತಿವಾರು, ಲಿಂಗವಾರು, ವರ್ಗವಾರು ಬಿಡಿಸಿ ಬರೆದು, ಒಟ್ಟು ಕೂಡಿಸಿ, ಸಹಿ ಸೀಲು ಹಾಕಿ, ಫೋಟೊ ತೆಗೆದು ಕಳಿಸಬೇಕು. ಸೊನ್ನೆಯನ್ನು ಜಗತ್ತಿಗೆ ಕೊಟ್ಟ ದೇಶದಲ್ಲಿ ಅದನ್ನು ಇಷ್ಟು ದುಡಿಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ.

ಈ ಭಾಷೆ ಮನೆಯೊಳಗೂ ಹೊಕ್ಕಿದೆ. ಹೆಂಡತಿ ಅಡುಗೆಮನೆಯಿಂದ ಉಪ್ಪು ತರಲು ಹೇಳಿದರೆ “ಮೌಖಿಕ ಬ್ಯಾಡ, ಬೇಡಿಕೆ ಪಟ್ಟಿ ಕೊಡು” ಎನ್ನುತ್ತಾರೆ. ಮಾವನವರಿಗೆ ಬರೆದ ಪತ್ರದಲ್ಲಿ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದಿತ್ತಂತೆ. ವಿಷಯ, ದೀಪಾವಳಿಗೆ ಬರಲಾಗದ ಕುರಿತು.

ಇನ್ನು ಬಿಸಿಯೂಟ. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದೇ ಈ ಜಿಲ್ಲೆಯೂ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜೊತೆ ವಿಜಯಪುರಕ್ಕೂ ತತ್ತಿ ಬಂತು, ಆಮೇಲೆ ರಾಗಿ ಮಾಲ್ಟ್ ಬಂತು. ಮಕ್ಕಳ ಮೈಗೆ ಇದರಿಂದ ಆದ ಒಳ್ಳೆಯದನ್ನು ಪ್ರಭಾರಿಗಳು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಾರೆ. ಮುಂಜಾನೆ ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಬೀಳುವ ಹುಡುಗಿಯರು ಈಗ ಅಪರೂಪ. ಅವರ ತಕರಾರು ತತ್ತಿಯ ಮೇಲಲ್ಲ, ತತ್ತಿಯ ರಜಿಸ್ಟರಿನ ಮೇಲೆ. ಸರಕಾರದ ದರ ಒಂದು, ಕಿರಾಣಿ ಅಂಗಡಿಯ ದರ ಇನ್ನೊಂದು, ನಡುವಿನ ಅಂತರ ಮತ್ತದೇ ಕಿಸೆಗೆ ಸಂಬಂಧಿಸಿದ್ದು. ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಎಂದು ಪಾಲಕರ ಒಪ್ಪಿಗೆ ಪಡೆದು ಎರಡು ಪಟ್ಟಿ ಮಾಡಿದ್ದಾಯಿತು. ಮರುದಿನವೇ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, “ಸರ್ರ, ಪಟ್ಟಿಯಾಗ ಬಾಳೆಹಣ್ಣ ಇರ್ಲಿ. ತಾಟಿನ್ಯಾಗ ತತ್ತಿ ಇರ್ಲಿ” ಎಂದ. ಅಂಥ ವಿದ್ಯಾರ್ಥಿಗೆ ಲೆಕ್ಕಪತ್ರದ ಭವಿಷ್ಯ ಉಜ್ವಲವಾಗಿದೆ ಎಂದು ಪ್ರಭಾರಿಗಳಿಗೆ ಅನಿಸಿತು.

ಅವರಿಗೆ ಬಾಯಿಪಾಠವಿರುವ ಕಾನೂನು ಒಂದೇ: ಶಿಕ್ಷಣ ಹಕ್ಕು ಕಾಯ್ದೆ 2009, ಕಲಂ 27. ಮಾಸ್ತರರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು. ಬೈಕಿನ ಹಿಂದೆ ಕೂಡುವ ಸಹೋದ್ಯೋಗಿಗೆ ಇದನ್ನು ಹೇಳಿ ಹೇಳಿ ಅವರಿಗೂ ಬಾಯಿಪಾಠವಾಗಿದೆ. 2025ರ ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಹಿಂದೆ ಕೂತವರೇ ಕೇಳಿದರು: “ಸರ್, ಇದು ಆ ಮೂರರಾಗ ಯಾವುದು?” ಪ್ರಭಾರಿಗಳು ಒಂದು ಕಿಲೋಮೀಟರು ವಿಚಾರ ಮಾಡಿ, “ಜನಗಣತಿ ಅಲ್ಲ. ಚುನಾವಣಿ ಅಲ್ಲ. ಅಂದಮ್ಯಾಲ ವಿಪತ್ತು” ಎಂದರು.

ಅರವತ್ತು ಪ್ರಶ್ನೆಗಳು. ಊರೊಳಗಿನ ಮನೆಗಳು ಹೇಗೋ ಮುಗಿದವು. ಈ ಕಡೆ ಅರ್ಧ ಜನ ಇರುವುದು ತೋಟದ ವಸ್ತಿಗಳಲ್ಲಿ. ದ್ರಾಕ್ಷಿ ಪಡಕಿನ ನಡುವೆ ಮನೆ, ಮನೆಯ ಮುಂದೆ ನಾಯಿ, ನಾಯಿಯ ಹಿಂದೆ ಅಜ್ಜಿ. ನಾಯಿಗೆ ಸಮೀಕ್ಷೆಯ ಮಹತ್ವ ತಿಳಿಸಿ ಒಳಗೆ ಹೋದರೆ ಅಜ್ಜಿಯ ಆಧಾರಿಗೆ ಜೋಡಿಸಿದ ಮೊಬೈಲು ಮೊಮ್ಮಗನ ಹತ್ತಿರ, ಮೊಮ್ಮಗ ಸಾಂಗಲಿಯ ಕಡೆ ದುಡಿಯಲು ಹೋದವನು. ಅವನಿಗೆ ಇನ್ನೊಂದು ಫೋನಿನಿಂದ ಫೋನು ಹಚ್ಚಿ ಓಟಿಪಿ ಹೇಳೆಂದರೆ, “ಯಾರಿಗೂ ಓಟಿಪಿ ಹೇಳಬ್ಯಾಡ್ರಿ ಅಂತ ಸಾಲ್ಯಾಗ ನೀವ ಹೇಳೀರಲ್ರಿ ಸರ್ರ” ಎಂದ. ತಮ್ಮ ಪಾಠ ಒಬ್ಬನಿಗಾದರೂ ನೆನಪಿದೆಯಲ್ಲ ಎಂದು ಸಂತೋಷಪಡಬೇಕೋ, ಅಳಬೇಕೋ ತಿಳಿಯದೆ ಅವರು ಬಾವಿಯ ಕಟ್ಟೆಯ ಮೇಲೆ ಕೂತು ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದರು. ಇತ್ತ ದಸರೆ ರಜೆ ಅಕ್ಟೋಬರ್ 18ರ ತನಕ ಲಂಬಿಸಿತು. ಮಕ್ಕಳು ಬೇವಿನ ಗಿಡದ ನೆರಳಲ್ಲಿ ಕ್ರಿಕೆಟ್ ಆಡುತ್ತ, ಬಿಸಿಲಲ್ಲಿ ಹೊರಟ ಮಾಸ್ತರರಿಗೆ ಕೈ ಬೀಸುತ್ತಿದ್ದರು.

ದಾಖಲಾತಿ ಆಂದೋಲನದ ಕಾಲಕ್ಕೆ ಮಾತ್ರ ಪ್ರಭಾರಿಗಳ ನಾಲಗೆ ಒಣಗುತ್ತದೆ. ನಗರದಿಂದ ಹಳದಿ ವ್ಯಾನು ಊರ ಬಾಗಿಲಿಗೆ ಬಂದು ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಇವರು ಕರಪತ್ರ ಹಿಡಿದು ಕಟ್ಟೆಯ ಮೇಲೆ ಕೂತವರಿಗೆ ಪುಕ್ಕಟೆ ಪುಸ್ತಕ, ಪುಕ್ಕಟೆ ಬಟ್ಟೆ, ಬೂಟು, ಊಟ, ಹಾಲು, ತರಬೇತಿ ಪಡೆದ ಶಿಕ್ಷಕರು ಎಂದೆಲ್ಲ ಹೇಳುತ್ತಾರೆ. ಹೇಳುವುದರಲ್ಲಿ ಸುಳ್ಳಿಲ್ಲ. ಕಟ್ಟೆಯವರೂ ತಲೆದೂಗುತ್ತಾರೆ. ಕೊನೆಗೆ ಬೀಡಿ ಆರಿಸಿ ಒಬ್ಬ ಕೇಳುತ್ತಾನೆ:

“ಎಲ್ಲಾ ಖರೇ ಐತ್ರಿ. ನಿಮ್ಮ ಹುಡುಗ ಯಾವ ಸಾಲ್ಯಾಗ ಅದಾನ್ರಿ?”

ಅವರ ಹುಡುಗ ಇರುವುದು ವಿಜಯಪುರದ ಇಂಗ್ಲಿಷ್ ಶಾಲೆಯಲ್ಲಿ. ಇದು ಎಲ್ಲರಿಗೂ ಗೊತ್ತು, ಆದರೂ ವರ್ಷವೂ ಕೇಳುತ್ತಾರೆ. ಈ ಸಲ ಪ್ರಭಾರಿಗಳು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದರು: “ಅಂವ ನಮ್ಮ ಮನಿಯವ್ರ ಪಾಲಿಗೆ ಹೋಗ್ಯಾನ್ರಿ. ಉತಾರಿನ್ಯಾಗ ನನ್ನ ಹೆಸರಿಲ್ಲ.” ಕಟ್ಟೆ ನಕ್ಕಿತು. ಪ್ರಶ್ನೆಯಿಂದ ಮಾಸ್ತರು ಪಾರಾದರು. ನಗುವಿನ ನಡುವೆ ಇಬ್ಬರು ಹುಡುಗಿಯರ ಹೆಸರೂ ಪಟ್ಟಿಗೆ ಬಂದವು. ಹುಡುಗಿಯರ ಅಣ್ಣತಮ್ಮಂದಿರು ವ್ಯಾನಿಗೇ ಹೋದರು. ಅದು ಇನ್ನೊಂದು ಕತೆ, ಅಷ್ಟೇನೂ ನಗೆಯದಲ್ಲ.

ಈಗ ಸೀಮೆಸುಣ್ಣದ ಪ್ರಕರಣ. ಇದೇ ಜಿಲ್ಲೆಯಲ್ಲಿ ಚಡಚಣದ ಸಿಂಪಿ ಲಿಂಗಣ್ಣನವರು ಮಾಸ್ತರಿಕೆ ಮಾಡುತ್ತಲೇ ಜನಪದ ಸಾಹಿತ್ಯದ ರಾಶಿ ಮಾಡಿದರು ಎಂಬುದು ಪ್ರಭಾರಿಗಳಿಗೆ ಗೊತ್ತು. ಅವರ ಕಾಲಕ್ಕೆ ಗುಂಯ್‌ಗುಟ್ಟುವ ಫೋನು ಇರಲಿಲ್ಲ ಎಂಬುದೂ ಗೊತ್ತು. ತಮ್ಮ ಆಸೆ ಅಷ್ಟು ದೊಡ್ಡದಲ್ಲ. ಆರನೆಯ ಇಯತ್ತೆಗೆ ಗಣಿತ ಹೇಳಬೇಕು, ಅಷ್ಟೆ. ವೇಳಾಪಟ್ಟಿಯಲ್ಲಿ ಅದು ಅವರದೇ ತಾಸು. ಆದರೆ ಆಫೀಸಿನಲ್ಲಿ ಕೂತು ಮಾಡುವುದೆಲ್ಲ ಕೆಲಸ ಎನಿಸಿಕೊಂಡ ಮೇಲೆ, ಪಾಠವನ್ನು ಕದ್ದೇ ಮಾಡಬೇಕಾಯಿತು. ಫೋನನ್ನು ಮೇಜಿನ ಖಾನೆಯಲ್ಲಿ ರಜಿಸ್ಟರುಗಳ ಕೆಳಗೆ ಹುಗಿದು, “ಯಾರಾದ್ರೂ ಬಂದ್ರ ಟಾಕಿ ನೋಡಾಕ ಹೋಗ್ಯಾರ ಅನ್ರಿ” ಎಂದು ಅಡುಗೆಯ ಬಾಯಿಗೆ ಹೇಳಿ, ಹಿಂದಿನ ಪಡಸಾಲೆಯಿಂದ ತರಗತಿಗೆ ನುಸುಳುತ್ತಾರೆ. ಸಾರಾಯಿ ಅಂಗಡಿಗೆ ಹೋಗುವವರೂ ಅಷ್ಟು ಹೆದರಿ ಹೋಗುವುದಿಲ್ಲ.

ಒಳಗೆ ಹೋದ ಮೇಲೆ ಅವರು ಬೇರೆಯೇ ಮನುಷ್ಯ. ಬೆನ್ನು ನೆಟ್ಟಗಾಗುತ್ತದೆ. ಪುಸ್ತಕದಲ್ಲಿದ್ದ ಅನುಪಾತದ ಲೆಕ್ಕ ಬಿಟ್ಟು ಒಂದು ದಿನ ತಿಕೋಟಾದ ದ್ರಾಕ್ಷಿ ಶೆಡ್ಡಿನ ಲೆಕ್ಕ ಎತ್ತಿಕೊಂಡರು. “ನಾಕ ಕಿಲೋ ಹಸಿ ದ್ರಾಕ್ಷಿ ಒಣಗಿಸಿದ್ರ ಒಂದ ಕಿಲೋ ಮಣೂಕ. ಒಂದ ಟನ್ನಿಗೆ ಎಷ್ಟ?” ಲಸಾಅ ಎಂದರೆ ಗೋಡೆ ನೋಡುವ ಹುಡುಗ, ಸೂಟಿಯಲ್ಲಿ ಅವ್ವನ ಜೊತೆ ಮಣೂಕ ಆರಿಸಲು ಹೋಗುವವನು, ಕೈ ಎತ್ತಿದ. “ಎರಡನೂರಾ ಐವತ್ತ ಕಿಲೋ ಸರ್ರ.” ಶಾಬಾಶ್ ಎನ್ನುವಷ್ಟರಲ್ಲಿ ಸೇರಿಸಿದ: “ನಡುವ ಮಳಿ ಬಂದ್ರ ಏನೂ ಇಲ್ರಿ.” ಪ್ರಭಾರಿಗಳು ಹಲಗೆಯ ಮೇಲೆ ಎರಡೂ ಉತ್ತರ ಬರೆದರು, ಎರಡಕ್ಕೂ ಪೂರ್ತಿ ಅಂಕ ಕೊಟ್ಟರು. ಏನೂ ಇಲ್ಲ ಎಂಬುದೂ ಒಂದು ವರದಿ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬಡ್ತಿಯ ಪಟ್ಟಿಯಲ್ಲಿ ಕೊನೆಗೂ ಒಬ್ಬರು ಪೂರ್ಣಾವಧಿ ಮುಖ್ಯ ಗುರುಗಳು ಬಂದರು. ಚಾರ್ಜ್ ಕೊಡುವುದು ಒಂದು ದಿನದಲ್ಲಿ ಮುಗಿಯಲಿಲ್ಲ. ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಸೌಟು 3, ಎಣಿಸಿದರೆ 4. ಕಡಿಮೆ ಬಿದ್ದಿದ್ದರೆ ತಂದು ಇಡಬಹುದಿತ್ತು, ಹೆಚ್ಚಿಗೆ ಬಂದದ್ದಕ್ಕೆ ಏನು ಮಾಡುವುದು? ಆಡಿಟ್‌ನವರು ಕೇಳಿದರೆ? ಅಡುಗೆಯ ಬಾಯಿ ಒಳಗಿಂದ ಬಂದು, “ಅದು ನಂದ್ರಿ, ಮನ್ಯಾಗಿಂದ ತಂದೀನಿ, ಸಾಲಿ ಸೌಟಿಗೆ ಹಿಡಿಕಿ ಇಲ್ಲ” ಎಂದು ಕಸಿದುಕೊಂಡು ಹೋದ ಮೇಲೆ ಲೆಕ್ಕ ಸರಿಯಾಯಿತು. ಸೀಲು, ಬೀಗದ ಕೈ, ಡೈರಿ ಎಲ್ಲ ಒಪ್ಪಿಸಿ, ಕಿಸೆ ಹಗುರಾಗಿ, ಮರುದಿನ ನಮ್ಮವರು ಹಾಡುಹಗಲೇ ಮುಂಬಾಗಿಲಿನಿಂದ ಆರನೆಯ ಇಯತ್ತೆಗೆ ಹೋದರು.

ಹತ್ತು ನಿಮಿಷವಾಗಿರಲಿಲ್ಲ. ಹೊಸ ಹೆಡ್‌ಮಾಸ್ತರು ಕಿಟಕಿಯಲ್ಲಿ. “ಸರ್ರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮೊಬೈಲಿಗೆ ಓಟಿಪಿ ಬಂದಿರಬೇಕ ನೋಡ್ರಿ.” ಬಂದಿತ್ತು. ಎಲ್ಲ ಪೋರ್ಟಲುಗಳಿಗೂ ಇವರದೇ ನಂಬರು. ನಂಬರು ಬದಲಿಸಬೇಕೆಂದರೆ ಪೋರ್ಟಲಿನೊಳಗೆ ಹೋಗಬೇಕು, ಒಳಗೆ ಹೋಗಬೇಕೆಂದರೆ ಹಳೆಯ ನಂಬರಿಗೆ ಓಟಿಪಿ ಬರಬೇಕು.

ಪ್ರಭಾರಿಗಳು, ಅಂದರೆ ಮಾಜಿ ಪ್ರಭಾರಿಗಳು, ಫೋನು ನೋಡಿದರು. ಹುಡುಗರನ್ನು ನೋಡಿದರು. ತಿರುಗಿ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: 417096. “ಓದ್ರಿ.”

“ನಾಲ್ಕು ಲಕ್ಷ ಹದಿನೇಳು ಸಾವಿರದಾ... ತೊಂಬತ್ತಾರು.”

“ನೂರರ ಸ್ಥಾನದಾಗ ಏನೈತಿ?”

“ಸೊನ್ನಿ ಸರ್ರ.”

“ಏಳರ ಸ್ಥಾನಬೆಲೆ?”

“ಏಳು ಸಾವಿರ ಸರ್ರ!”

ಕಿಟಕಿಯಾಚೆ ಹೆಡ್‌ಮಾಸ್ತರು ಒಂದೊಂದೇ ಅಂಕಿ ಒತ್ತುತ್ತಿದ್ದವರು ತಲೆ ಎತ್ತಿ, “ಅವಧಿ ಮುಗೀತಂತರೀ ಸರ್ರ, ಇನ್ನೊಂದ ಕಳಸ್ತೀನಿ, ಸ್ವಲ್ಪ ಲಗೂ ಓದಸ್ರಿ” ಎಂದರು. ಮುಂದಿನ ಸಾಲಿನ ಹುಡುಗಿ ಆಗಲೇ ವಹಿಯ ಹೊಸ ಹಾಳೆ ತಿರುವಿ, ಪೆನ್ಸಿಲ್ಲು ಹಿಡಿದು ಕೂತಿದ್ದಳು: “ಸರ್ರ, ಇವನ್ನ ಏರಿಕೆ ಕ್ರಮದಾಗ ಬರೀಬೇಕೋ, ಇಳಿಕೆ ಕ್ರಮದಾಗೋ?”