ಇಸ್ತ್ರಿ ನೀರಿಗೆ ಒಂದಿಷ್ಟು ಪನ್ನೀರು

"ಏನ್ರೀ, ಬೆಳಿಗ್ಗೆಯಿಂದ ನಿಮ್ಮನೆ ಕಿಟಕಿ ಕಡೆಯಿಂದ ಘಮ್ ಅಂತ ಬರ್ತಾ ಇದೆ, ಯಾವ ಊದುಬತ್ತಿ?" ಅಂತ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಅಕ್ಕ ಕೇಳಿದರು.

"ಊದುಬತ್ತಿ ಅಲ್ಲ ಅಕ್ಕ, ಇಸ್ತ್ರಿ ಮಾಡ್ತಿದ್ದೆ" ಅಂದೆ. ಸೊಪ್ಪು ಬಿಡಿಸುತ್ತಿದ್ದ ಮೊರವನ್ನು ಗೋಡೆಯ ಮೇಲಿಟ್ಟು ಅವರು ನಿಂತೇಬಿಟ್ಟರು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಮ್ಮ ಪೆಟ್ಟಿಗೆಗೆ ಕೆಂಡ ತುಂಬಿ, ಚೊಂಬಿನ ನೀರಿಗೆ ಬೆರಳದ್ದಿ ಸೀರೆಯ ಮೇಲೆ ಚಿಮುಕಿಸಿ, ಸುರುಳಿ ಸುತ್ತಿ ಪಕ್ಕಕ್ಕಿಡುತ್ತಿದ್ದರು. ಕಾಲು ಗಂಟೆ ಅದನ್ನು ಮುಟ್ಟುವಂತಿರಲಿಲ್ಲ. ತೇವ ಎಳೆಎಳೆಗೂ ಇಳಿಯಬೇಕು. ಹತ್ತಿಯ ನಾರು ನೀರು ಕುಡಿದರೆ ಸಡಿಲಾಗುತ್ತದೆ. ಆಗ ಬಿಸಿ ತಗುಲಿದರೆ ಎಳೆದಿಟ್ಟ ಹಾಗೇ ನೆಟ್ಟಗೆ ಒಣಗುತ್ತದೆ. ಹಬ್ಬದ ಸೀರೆಯಾದರೆ ಆ ಚೊಂಬಿಗೆ ಪನ್ನೀರುದಾನಿಯಿಂದ ನಾಲ್ಕು ಹನಿ ಬೀಳುತ್ತಿತ್ತು. ಕಾದ ಪೆಟ್ಟಿಗೆ ತಾಗಿ ಚುಸ್ಸೆಂದು ಏಳುತ್ತಿದ್ದ ಗುಲಾಬಿಯ ಹಬೆಯೇ ನಮಗೆ ಹಬ್ಬದ ಮೊದಲ ಸುದ್ದಿ.

ನಾನು ಮಾಡುವುದೂ ಅದನ್ನೇ, ಸ್ವಲ್ಪ ಅಳತೆ ಹಿಡಿದು. ಒಂದು ಲೋಟ ನೀರಿಗೆ ಕಾಲು ಲೋಟ ಪನ್ನೀರು; ಸ್ಪ್ರೇ ಬಾಟಲಿಗೆ ತುಂಬಿ ಕುಲುಕಿದರೆ ಆಯಿತು. ಬೋರ್‌ವೆಲ್ಲಿನ ಗಡಸು ನೀರು ಬೇಡ, ಅದರ ಸುಣ್ಣದಂಶ ಕಪ್ಪು ಬಟ್ಟೆಯ ಮೇಲೆ ಬೂದು ಚುಕ್ಕೆಯಾಗಿ ಕೂರುತ್ತದೆ. ಆರ್‌ಒ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಪನ್ನೀರು ಕೊಳ್ಳುವಾಗ ಚೀಟಿ ಓದಿ: ಗ್ಲಿಸರಿನ್ ಇದ್ದರೆ ಬಟ್ಟೆ ಅಂಟಂಟಾಗುತ್ತದೆ, ಬಣ್ಣ ಹಾಕಿದ್ದರೆ ಕಲೆ ಉಳಿಯುತ್ತದೆ. ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಸ್ಟೀಮ್ ಇಸ್ತ್ರಿ ಪೆಟ್ಟಿಗೆಯ ನೀರಿನ ತೊಟ್ಟಿಗೆ ಮಾತ್ರ ಇದನ್ನು ಸುರಿಯಬೇಡಿ, ಬಟ್ಟೆಗಷ್ಟೇ ಚಿಮುಕಿಸಿ. ರೇಷ್ಮೆಗೆ ಅದೂ ಬೇಡ. ಹನಿ ಬಿದ್ದ ಗುರುತು ಸುಲಭವಾಗಿ ಹೋಗುವುದಿಲ್ಲ.

"ಅದಕ್ಕಿಂತ ಎರಡು ತೊಟ್ಟು ಗಂಧದೆಣ್ಣೆ ಹಾಕಿದರೆ ಇನ್ನೂ ಚೆನ್ನಲ್ಲವಾ?" ಅಂದರು ಅಕ್ಕ.

ನಾನೂ ಹಾಗೆ ಹಾಕಿ ನೋಡಿದವಳೇ. ಎಣ್ಣೆ ನೀರಿಗೆ ಬೆರೆಯಲಿಲ್ಲ, ಮೇಲೆ ತೇಲಿತು. ಮಗನ ಬಿಳಿ ಶರ್ಟಿನ ಜೇಬಿನ ಮೇಲೆ ರೂಪಾಯಿಯಗಲ ಕಲೆ ಬಿತ್ತು. ಸ್ಪಿರಿಟ್ಟಿನಲ್ಲಿ ಎಣ್ಣೆ ಕರಗುತ್ತದೆ ನಿಜ, ಆದರೆ ಥಟ್ಟನೆ ಬೆಂಕಿ ಹತ್ತುವ ವಸ್ತುವನ್ನು ಕಾದ ಪೆಟ್ಟಿಗೆಯ ಹತ್ತಿರ ತರುವುದುಂಟೇ? ಪನ್ನೀರಿಗೆ ಈ ತಾಪತ್ರಯವಿಲ್ಲ. ಗುಲಾಬಿ ಪಕಳೆ ಕುದಿಸಿ, ಹಬೆ ತಣಿಸಿ ಇಳಿಸಿದ ನೀರದು. ಪರಿಮಳ ಅದರಲ್ಲಿ ಆಗಲೇ ಬೆರೆತಿರುತ್ತದೆ. ನಮ್ಮ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯಲ್ಲೂ ಹಬೆಯದೇ ಕೆಲಸ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಯೂರೋಪಿಗೆ ಹೋಗದೆ ಇಲ್ಲೇ ಉಳಿದಾಗ, 1916ರಲ್ಲಿ ಎಣ್ಣೆಯನ್ನು ಇಲ್ಲೇ ತೆಗೆಯಲು ಶುರುಮಾಡಿದರು. ಅಲ್ಲಿ ಹಬೆ ಮರದಿಂದ ಪರಿಮಳ ಹೊತ್ತು ತಂದರೆ, ಇಸ್ತ್ರಿಯ ಹಬೆ ಅದನ್ನು ಬಟ್ಟೆಗೆ ಮುಟ್ಟಿಸುತ್ತದೆ.

ಬೀರುವಿಗೆ ನನ್ನದು ಲಾವಂಚ. ಗ್ರಂಧಿಗೆ ಅಂಗಡಿಯಿಂದ ಒಂದು ಕಟ್ಟು ಬೇರು ತಂದು, ಮಣ್ಣು ಹೋಗುವಂತೆ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಸೀರೆಗಳ ನಡುವೆ ಇಡುತ್ತೇನೆ. ಬೇರು ನೆನೆಸಿದ ನೀರು ಇಸ್ತ್ರಿಗೆ ಬೇಡ, ಅದರ ಕಂದು ಛಾಯೆ ಬಿಳಿ ಬಟ್ಟೆಗೆ ಇಳಿಯುತ್ತದೆ. ಅಜ್ಜಿ ಮಳೆಗಾಲದಲ್ಲಿ ಟ್ರಂಕಿನೊಳಗೆ ಕೇದಗೆ ಗರಿ ಇಡುತ್ತಿದ್ದರು. ಗರಿ ಒಣಗಿ ಕಾಗದದಂತಾದರೂ ಸೀರೆ ಬಿಚ್ಚಿದರೆ ಕೇದಗೆ ಅಂತ ಹೇಳಬಹುದಿತ್ತು.

"ನಮ್ಮನೇಲಿ ನುಸಿಗುಳಿಗೇನೇ. ಮಗಳು ಬಾಣಂತನಕ್ಕೆ ಬರ್ತಾಳೆ, ಹಳೇ ಕುಲಾವಿ, ದುಪ್ಪಟಿ ಎಲ್ಲ ಅದರ ಜೊತೆಗೇ ಇಟ್ಟಿದ್ದೀನಿ" ಅಂದರು ಅಕ್ಕ.

ನನಗೆ ಎದೆ ಝಲ್ಲೆಂದಿತು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೆಲವು ಎಳೆಗೂಸುಗಳ ಕೆಂಪು ರಕ್ತಕಣಗಳನ್ನೇ ಒಡೆದು ಕಾಮಾಲೆ ತರಬಹುದು. ಹುಟ್ಟಿನಿಂದಲೇ ರಕ್ತದಲ್ಲಿ ಇದಕ್ಕೆ ಎಡೆಮಾಡುವ ಕೊರತೆಯಿರುವ ಮಗು ಯಾವುದು ಅಂತ ಹೊರಗಿನಿಂದ ತಿಳಿಯುವುದಿಲ್ಲ. ಸಂಜೆಯೊಳಗೆ ಇಬ್ಬರೂ ಸೇರಿ ಆ ಬಟ್ಟೆಗಳನ್ನೆಲ್ಲ ಹೊರತೆಗೆದೆವು. ಒಗೆದು, ಎರಡು ದಿನ ಗಾಳಿ ಬಿಸಿಲಿಗೆ ಹರವಿ, ಬರಿಯ ನೀರು ಚಿಮುಕಿಸಿ ಇಸ್ತ್ರಿ ಮಾಡಿದೆವು. ಕೂಸಿನ ಬಟ್ಟೆಗೆ ಪನ್ನೀರೂ ಬೇಡ, ಲಾವಂಚವೂ ಬೇಡ, ಬಿಸಿಲು ಸಾಕು.

ದೊಡ್ಡವರ ಬಟ್ಟೆಗಾದರೂ ಅಷ್ಟೇ, ಮೊದಲು ಒಗೆತ, ಆಮೇಲೆ ಬಿಸಿಲು, ಪರಿಮಳ ಕೊನೆಗೆ. ಬೆವರಿನ, ಮುಗ್ಗಿನ ವಾಸನೆಯ ಮೇಲೆ ಪನ್ನೀರು ಹೊಡೆದರೆ ಎರಡೂ ಕೆಡುತ್ತವೆ. ನಿಮ್ಮ ಮನೆಗೂ ಎಳೆಗೂಸು ಬರುವುದಿದ್ದರೆ, ಬೀರುವಿನ ನುಸಿಗುಳಿಗೆಗಳನ್ನು ಇವತ್ತೇ ತೆಗೆದುಬಿಡಿ.