ರೇಷ್ಮೆಸೀಮೆಯ ಜೀವವರ್ಗ ನಿರ್ಣಯ

ಡಾರ್ವಿನ್ನಾಚಾರ್ಯರು 1859ರಲ್ಲಿ ಹೊರತಂದ ಮೂಲಗ್ರಂಥಕ್ಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮಟ್ಟಿಗೆ ಒಂದು ಭಾಷ್ಯವಿಲ್ಲದಿರುವುದು ಶಾಸ್ತ್ರಕ್ಕೇ ಕುಂದು. ಅದನ್ನು ನೀಗಲೆಂದು ಈ ಸೀಮೆಯ ಜೀವಿಗಳನ್ನು, ಅವುಗಳ ಉಳಿವು ಯಾರ ಕೈಯಲ್ಲಿದೆ ಎಂಬ ಒಂದೇ ಲಕ್ಷಣ ಹಿಡಿದು ವಿಂಗಡಿಸಲಾಗಿದೆ. ಬಂಡೆಗಳನ್ನು ಕೈಬಿಟ್ಟಿದ್ದೇವೆ. ಸುಮಾರು 250 ಕೋಟಿ ವರ್ಷದಿಂದ ಕೂತಿರುವ ಅವು, ಕ್ಲೋಸ್‌ಪೇಟೆ ರಾಮನಗರವಾದದ್ದನ್ನಾಗಲಿ, ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾದದ್ದನ್ನಾಗಲಿ ಗಮನಿಸಿದಂತಿಲ್ಲ.

ಮೊದಲನೆಯದು ಹರಾಜುವರ್ಗ, ಅಂದರೆ ಹಿಪ್ಪುನೇರಳೆ ರೇಷ್ಮೆಹುಳು. ಲಕ್ಷಣ: ಚಿಟ್ಟೆಗೆ ರೆಕ್ಕೆ ಉಂಟು, ಹಾರಾಟವಿಲ್ಲ; ಹುಳುವಿಗೆ ಹಸಿವುಂಟು, ಸೊಪ್ಪು ಹುಡುಕಿ ಹೋಗುವ ಅಭ್ಯಾಸವಿಲ್ಲ. ಚೀನಾದ ಕಾಡಿನಲ್ಲಿರುವ ಇದರ ದಾಯಾದಿ ಇನ್ನೂ ಹಕ್ಕಿಯ ಕಣ್ಣು ತಪ್ಪಿಸುವ ಕಂದು ಬಣ್ಣದಲ್ಲೇ ಇದೆ. ನಮ್ಮದು ಸುಮಾರು ಐದು ಸಾವಿರ ವರ್ಷ ಮನುಷ್ಯನ ಮನೆಯಲ್ಲಿದ್ದು ಬೆಳ್ಳಗಾಗಿದೆ. ಬದುಕಿ ಮರಿ ಮಾಡಿತೇ ಎಂದು ನಿಸರ್ಗ ಕೇಳಿದರೆ, ನೂಲೆಷ್ಟು ಬಿಚ್ಚೀತು ಎಂದು ಗೂಡು ಮಾರುಕಟ್ಟೆ ಕೇಳುತ್ತದೆ. ನೂಲು ಬಿಚ್ಚುವ ರೀಲರು ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಒಂದು ಹಿಡಿ ಮೇಲೆ ತಂದು, ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸುತ್ತಾನೆ. ಒಳಗಿನ ಪ್ಯೂಪಾ ಗಲಗಲ ಎಂದ ಮೇಲೆಯೇ ಮೊಬೈಲಿನಲ್ಲಿ ಬೆಲೆ ಒತ್ತುವುದು.

ಇದರಲ್ಲಿ ಒಳಪಂಗಡಗಳುಂಟು. ಮೈಸೂರು ತಳಿಗೆ ಹಸಿರುಹಳದಿ ಗೂಡು; ನೂಲು ಕಮ್ಮಿ, ತಾಳಿಕೆ ಜಾಸ್ತಿ. ಬೈವೋಲ್ಟೀನಿಗೆ ಬಿಳಿ ಗೂಡು, ಕಿಲೋಮೀಟರು ಉದ್ದದ ಎಳೆ. ಬೇಸಿಗೆ ಬಂತೆಂದರೆ ಮಾತ್ರ ಸಪ್ಪೆರೋಗ, ಹಾಲುತೊಂಡೆಗಳ ಭಯ. ಇವೆರಡರ ಮಿಶ್ರಸಂತಾನವೇ ಸಿಬಿ. ಶಾಸ್ತ್ರಕ್ಕೆ ತೊಡಕು ಎದುರಾಗುವುದೇ ಇಲ್ಲಿ. ಗೂಡು ಚೆನ್ನಾಗಿದ್ದಷ್ಟೂ ಸಿಬಿ ಬೇಗ ಬಿಸಿನೀರಿಗೆ ಬೀಳುತ್ತದೆ. ಸಂತಾನವನ್ನೇ ಬಿಡದ ಜೀವಿ ಗೆದ್ದಿತೆನ್ನುವುದು ಹೇಗೆ? ಸಂತಾನವಿಲ್ಲದ ಕೆಲಸಗಾರ ಇರುವೆಗಳ ವಿಷಯದಲ್ಲಿ ಆಚಾರ್ಯರೂ ಇದೇ ತೊಡಕಿಗೆ ಸಿಕ್ಕಿದ್ದರು. ಕಡಿದ ದನದ ಮಾಂಸ ಚೆನ್ನಾಗಿದ್ದರೆ, ಸಾಕುವವನು ಅದೇ ಮನೆತನದ ದನವನ್ನು ಹುಡುಕಿಕೊಂಡು ಹೋಗುತ್ತಾನಷ್ಟೆ ಎಂಬುದು ಅವರ ಪರಿಹಾರ. ಸಿಬಿಯ ತಾಯಿಮನೆತನ ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಗೂಡಿನವರ ಹತ್ತಿರವಿದೆ. ಆ ಗೂಡನ್ನು ಬೇಯಿಸುವುದಿಲ್ಲ. ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಹೊರಬಂದು ಮೊಟ್ಟೆ ಇಟ್ಟ ಮೇಲೆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗಂಟುರೋಗ ಕಂಡರೆ ಅದರ ಮೊಟ್ಟೆಯೆಲ್ಲ ನಾಶ. ಇಷ್ಟು ಕಟುವಾದ ಆಯ್ಕೆ ಕಾಡಿನಲ್ಲೂ ಇರಲಾರದು.

ಎರಡನೆಯದು ಕರೆಯದೆ ಬಂದ ವರ್ಗ: ಉಜಿ ನೊಣ. ಬಂಗಾಳದಿಂದ 1980ರಲ್ಲಿ ಕರ್ನಾಟಕಕ್ಕೆ ಬಂತು. ಇದಕ್ಕೆ ತಳಿ ಅಭಿವೃದ್ಧಿ ಸಂಸ್ಥೆಯಿಲ್ಲ, ಸಬ್ಸಿಡಿಯಿಲ್ಲ. ಹುಳುವಿನ ಮೈಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ; ಮರಿ ಒಳನುಗ್ಗಿದ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಬದುಕಿದರೂ ಮರಿ ಆ ಗೂಡನ್ನು ತೂತು ಮಾಡಿ ಹೊರಡುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ರೈತರು ಹುಳುಮನೆಗೆ ನೈಲಾನ್ ಪರದೆ ಕಟ್ಟಿದರು, ಉಜಿಯನ್ನೇ ತಿನ್ನುವ ಪುಟ್ಟ ಕಣಜ ತಂದು ಬಿಟ್ಟರು. ಪರದೆಯ ಹರಿದ ಮೂಲೆ ಕಂಡುಕೊಂಡ ನೊಣವೇ ಮುಂದಿನ ಪೀಳಿಗೆಯ ತಾಯಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಆಚಾರ್ಯರ ಮಾತನ್ನು ಅಕ್ಷರಶಃ ಪಾಲಿಸುವ ಪ್ರಾಣಿ ಇದೊಂದೇ ಎಂದು ನಮ್ಮ ಅಭಿಮತ.

ಮೂರನೆಯದು ವೇಳೆ ಸಾಲದ ವರ್ಗ. ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದು ಇದರ ಸದಸ್ಯ. ಉಜಿ ನೊಣಕ್ಕೆ ವರ್ಷಕ್ಕೆ ಹತ್ತಕ್ಕೂ ಹೆಚ್ಚು ತಲೆಮಾರು; ಈ ಹದ್ದಿಗೆ ವರ್ಷಕ್ಕೆ ಒಂದೇ ಮೊಟ್ಟೆ. ನೋವಿಗೆಂದು ಡೈಕ್ಲೊಫೆನಾಕ್ ಕೊಟ್ಟ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟರೆ, ಆ ವಿಷಕ್ಕೆ ಒಗ್ಗುವ ತಳಿ ಹುಟ್ಟುವಷ್ಟು ಪುರಸೊತ್ತು ಅದಕ್ಕಿಲ್ಲ. ದನಗಳಿಗೆ ಆ ಔಷಧ ಕೊಡುವುದನ್ನು ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಬೆಟ್ಟ 2012ರಲ್ಲಿ ರಣಹದ್ದು ಧಾಮವಾಗಿದೆ. ಮನೆಯ ಹಸುವಿಗೆ ನೋವಿನ ಚುಚ್ಚುಮದ್ದು ಹಾಕಿಸುವಾಗ ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮನ್ನೇ ಕೇಳಿ ಹಾಕಿಸಿ.