ಬೇಸಿನವನ ತನಿ, ನಮ್ಮ ಪಿಸುಮಾತು

ಸಂಗೀತ ಕಚೇರಿಗೆ ಹೋಗಿ ಪಕ್ಕದವರ ಜತೆ ಮಾತಾಡುವವರನ್ನು ಲೋಕ ಕೀಳಾಗಿ ಕಾಣುತ್ತದೆ. ನಾನೂ ಆ ಪಂಗಡದವನೇ ಆದ್ದರಿಂದ ನಮ್ಮ ಪರ ವಕಾಲತ್ತಿಗೆ ಒಂದು ದಾಖಲೆ ಹುಡುಕಿಟ್ಟುಕೊಂಡಿದ್ದೇನೆ. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬು. ಬಿಲ್ ಎವಾನ್ಸ್ ಪಿಯಾನೊ, ಸ್ಕಾಟ್ ಲಫಾರೊ ಬೇಸ್, ಪಾಲ್ ಮೋಷನ್ ಡ್ರಮ್ಸ್. ಮಧ್ಯಾಹ್ನ ಎರಡು ಸುತ್ತು, ರಾತ್ರಿ ಮೂರು ಸುತ್ತು ನುಡಿಸಿದ್ದನ್ನೆಲ್ಲ ಧ್ವನಿಮುದ್ರಣ ಮಾಡಿಕೊಂಡರು. ಅದರಿಂದ ಬಂದ ರೆಕಾರ್ಡುಗಳನ್ನು ಜಾಜ್ ಭಕ್ತರು ಇವತ್ತಿಗೂ ಕಣ್ಣಿಗೊತ್ತಿಕೊಳ್ಳುತ್ತಾರೆ.

ಸ್ವಲ್ಪ ಕಿವಿಗೊಟ್ಟು ಕೇಳಿ. ಪಿಯಾನೊ ಹಿಂದೆ ಗ್ಲಾಸುಗಳ ಟಣ್ ಟಣ್, ಯಾರದೋ ನಗು, ಮೇಲಿಂದ ಮಾತೋ ಮಾತು! ಬೇಸಿನವನು ಒಬ್ಬನೇ ನುಡಿಸುವಾಗ ಅದು ಇನ್ನೂ ಚೆನ್ನಾಗಿ ಕೇಳುತ್ತದೆ. ಆ ಲಫಾರೊಗೆ ಆಗ ಬರೀ ಇಪ್ಪತ್ತೈದು ವರ್ಷ. ಜುಲೈ 6ರಂದು ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಮಾತಾಡುತ್ತಿದ್ದವರಿಗೆ ಇದು ಮುಂಚೆಯೇ ಹೇಗೆ ಗೊತ್ತಾಗಬೇಕು? ಭಾನುವಾರ ಕಳೆಯಲು ಬಂದಿದ್ದರು, ಕಳೆದರು. ಈಗ ಜಗತ್ತಿನ ರಸಿಕರೆಲ್ಲ ಅವರ ಹರಟೆಯನ್ನೂ ಸೇರಿಸಿಯೇ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನುಡಿಸಿದವರ ಹೆಸರು ರಟ್ಟಿನ ಮೇಲಿದೆ, ಮಾತಾಡಿದವರ ಹೆಸರಿಲ್ಲ ಎಂಬುದೊಂದೇ ನನ್ನ ತಕರಾರು.

ಈ ವಾದವನ್ನು ಜೆರ್ಸಿ ಸಿಟಿಯಲ್ಲಿರುವ ನನ್ನ ಭಾವಮೈದುನನ ಮುಂದಿಟ್ಟಾಗ ಅವನು ನಗಲಿಲ್ಲ. ಜಾಜ್ ವಿಷಯದಲ್ಲಿ ಅವನು ನಗುವುದಿಲ್ಲ. “ಭಾವ, ಅದೇ ಕ್ಲಬ್ಬಿಗೆ ಕರಕೊಂಡು ಹೋಗ್ತೀನಿ. ಆದರೆ ಒಳಗೆ ಬಾಯಿಬಿಟ್ಟರೆ ನೀವು ಯಾರೋ ನಾನು ಯಾರೋ” ಎಂದ. ನನ್ನ ಹೆಂಡತಿ, “ಮಾತಾಡದೆ ಇರೋದಕ್ಕೆ ಅವರಿಗೆ ಅಷ್ಟು ದೂರ ಹೋಗಬೇಕೇನೋ ಪುಟ್ಟ? ಇಲ್ಲೇ ಅಭ್ಯಾಸ ಮಾಡಿಸು” ಎಂದಳು. ಅಂತೂ ಪಾಥ್ ರೈಲು ಹತ್ತಿ ಕ್ರಿಸ್ಟೊಫರ್ ಸ್ಟ್ರೀಟಿನಲ್ಲಿ ಇಳಿದೆವು.

ಸೆವೆಂತ್ ಅವೆನ್ಯೂ ಮೇಲೆ ಒಂದು ಸಾಧಾರಣ ಬಾಗಿಲು, ಕೆಳಕ್ಕೆ ಇಕ್ಕಟ್ಟಿನ ಮೆಟ್ಟಿಲು. ಪಾನನಿರೋಧದ ಕಾಲದಲ್ಲಿ ಕಳ್ಳತನದಲ್ಲಿ ಮದ್ಯ ಮಾರುತ್ತಿದ್ದ ಈ ಮಾಳಿಗೆಗೆ ಮ್ಯಾಕ್ಸ್ ಗಾರ್ಡನ್ ಎಂಬಾತ 1935ರಲ್ಲಿ ತನ್ನ ಕ್ಲಬ್ಬನ್ನು ತಂದ. ಮೊದಮೊದಲು ಕವಿಗಳು ಬಂದು ಕವಿತೆ ಓದುತ್ತಿದ್ದರಂತೆ. ಕವಿಗಳನ್ನು ನಂಬಿ ಕ್ಲಬ್ಬು ನಡೆಸುವುದು ಎಷ್ಟು ದಿನ? 1957ರ ಹೊತ್ತಿಗೆ ಪೂರ್ತಿ ಜಾಜ್ ಆಯಿತು. ಜಾಗ ಹಿಡಿಸುವುದು 123 ಜನರನ್ನು. ಕೋಣೆ ತ್ರಿಕೋನ, ಕಿರಿದಾಗುತ್ತ ಹೋಗಿ ಮೂಲೆ ಸೇರುವ ಕಡೆ ವೇದಿಕೆ. ಸೀಟಿಗೆ ನಂಬರಿಲ್ಲ, ಮೊದಲು ಹೋದವರಿಗೆ ಮುಂದಿನ ಜಾಗ. ಭಾವಮೈದುನ ನಮ್ಮನ್ನು ಮದುವೆ ಮುಹೂರ್ತಕ್ಕೆ ಹೊರಡಿಸಿದಂತೆ ಹೊರಡಿಸಿದ್ದು ಅದಕ್ಕೇ.

ಅಲ್ಲಿ ಊಟ ಸಿಕ್ಕುವುದಿಲ್ಲ. ಆದರೆ ಅಡುಗೆಮನೆ ಇದೆ! ವಾದ್ಯಗಾರರು ಕೂತು ದಣಿವಾರಿಸಿಕೊಳ್ಳುವುದು, ಆಫೀಸಿನ ಲೆಕ್ಕಪತ್ರ ನೋಡುವುದು ಎಲ್ಲ ಅಲ್ಲೇ. “ಅಡುಗೆ ಮಾಡದ ಅಡುಗೆಮನೆ! ಆ ಗಾರ್ಡನ್ ಹೆಂಡತಿ ಪುಣ್ಯವಂತೆ” ಎಂದಳು ನನ್ನವಳು. ಪುಣ್ಯವಂತೆಯೂ ಹೌದು, ಗಟ್ಟಿಗಿತ್ತಿಯೂ ಹೌದು. 1989ರಲ್ಲಿ ಗಂಡ ತೀರಿಕೊಂಡ ಮೇಲೆ ಲೊರೇನ್ ಗಾರ್ಡನ್ ಕ್ಲಬ್ಬಿನ ಯಜಮಾನಿಕೆ ವಹಿಸಿಕೊಂಡರು, 2018ರಲ್ಲಿ ತಾವು ಕಣ್ಮುಚ್ಚುವವರೆಗೂ ಬಿಡಲಿಲ್ಲ. ಆಮೇಲೆ ಮಗಳು.

ಒಂದಾದರೂ ಪಾನೀಯ ತರಿಸಲೇಬೇಕೆಂಬುದು ನಿಯಮ. ನಾವು ಜಿಂಜರ್ ಏಲ್ ಹೇಳಿದೆವು. ಫೋಟೊ ತೆಗೆಯಬೇಡಿ, ಫೋನು ಮುಟ್ಟಬೇಡಿ, ಮಾತಾಡಬೇಡಿ ಎಂದು ಅಪ್ಪಣೆಯಾಯಿತು. 1961ರ ಮಾತುಗಾರರಿಂದ ಹೆಸರಾದ ಜಾಗದಲ್ಲೇ ಈ ಕಟ್ಟಪ್ಪಣೆ! ಭಾವಮೈದುನ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ.

ಆವತ್ತು ಪಿಯಾನೊ ಇಲ್ಲದ ಮೂವರ ತಂಡ: ಸ್ಯಾಕ್ಸೊಫೋನ್, ಬೇಸ್, ಡ್ರಮ್ಸ್. ಸಾನಿ ರಾಲಿನ್ಸ್ 1957ರಲ್ಲಿ ಇದೇ ವೇದಿಕೆಯ ಮೇಲೆ ಹೀಗೇ ಮೂವರನ್ನಿಟ್ಟುಕೊಂಡು ರೆಕಾರ್ಡು ಮಾಡಿದ್ದ ಎಂದು ಭಾವಮೈದುನ ದಾರಿಯಲ್ಲೇ ಪಾಠ ಒಪ್ಪಿಸಿದ್ದ. ಸ್ಯಾಕ್ಸೊಫೋನ್ ಶುರುವಾಗಿದ್ದೇ ತಡ ನನ್ನವಳು ಕಿವಿಯಲ್ಲಿ, “ಕದ್ರಿ ಗೋಪಾಲನಾಥರಾಗಿದ್ದರೆ ಈಗ ಒಂದು ಕಲ್ಯಾಣಿ...” ಎಂದಳು. ಮೈಸೂರಿನವರಾದ ನಮಗೆ ಈ ವಾದ್ಯದ ಮೇಲೆ ಸ್ವಲ್ಪ ಹಕ್ಕಿದೆ. ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ನಮ್ಮ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿಯೇ. 1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಗೋಪಾಲನಾಥರು ನುಡಿಸಿದ್ದನ್ನು ಕೇಳಿ ಅಮೆರಿಕದ ಜಾಜ್ ವಾದಕ ಜಾನ್ ಹ್ಯಾಂಡಿ ಅವರ ಜತೆಗೆ ನುಡಿಸಿದರು. 2008ರಲ್ಲಿ ಜಾಜ್ ಸ್ಯಾಕ್ಸೊಫೋನಿನ ರುದ್ರೇಶ್ ಮಹಾಂತಪ್ಪನವರ ಜತೆ ‘ಕಿನ್ಸ್‌ಮೆನ್’ ಆಲ್ಬಂ ಬಂತು. ಇಷ್ಟನ್ನೂ ಅಲ್ಲೇ ಪಿಸುಗುಟ್ಟಲು ಹೊರಟೆ. ಮೇಜಿನ ಕೆಳಗೆ ಯಾರೋ ಕಾಲು ತುಳಿದರು. ಯಾರೋ ಏನು ಬಂತು, ಭಾವಮೈದುನನೇ.

ನನ್ನವಳಿಗೆ ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಸಂಗೀತದಲ್ಲಿ ಜೂನಿಯರ್ ಪಾಸಾದವಳು ಸುಮ್ಮನೆ ಕೂರುತ್ತಾಳೆಯೇ? ತೊಡೆಯ ಮೇಲೆ ಆದಿತಾಳ ಹಾಕತೊಡಗಿದಳು. ಮೊದಲು ಹಾಡಿನ ಧಾಟಿಯನ್ನು ಒಮ್ಮೆ ಇಟ್ಟರು: ಮೊದಲ ಎರಡು ಭಾಗ ಒಂದೇ ಥರ, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನದೇ. ಆಮೇಲೆ ಧಾಟಿ ಮಾಯ! ಅದರ ಚೌಕಟ್ಟನ್ನು ಮಾತ್ರ ಉಳಿಸಿಕೊಂಡು ಸ್ಯಾಕ್ಸಿನವನು ಸುತ್ತು ಸುತ್ತಿಗೂ ಹೊಸದೇನೋ ಕಟ್ಟುತ್ತ ಹೋದ. “ದಾರಿ ತಪ್ಪಿದ” ಎಂದು ನನಗನ್ನಿಸಿದಾಗೆಲ್ಲ ಇವಳು ತೊಡೆ ತಟ್ಟಿ, “ನೋಡಿ, ಬಂದ!” ಎನ್ನುವಳು. ಒಂದು ಸುತ್ತಿಗೆ ಸರಿಯಾಗಿ ಹದಿನಾರು ಆವರ್ತ ಎಂದು ಪತ್ತೆಹಚ್ಚಿದಳು. ಲೆಕ್ಕ ಸರಿಯೇ: ನಾಲ್ಕು ಅಕ್ಷರದ ಮೂವತ್ತೆರಡು ಮನೆ (ಅವರ ‘ಬಾರ್’) ಎಂದರೆ ನೂರಿಪ್ಪತ್ತೆಂಟು, ಆದಿತಾಳದ ಎಂಟರಿಂದ ಭಾಗಿಸಿ. ಮುಂದೆ ಒಂದು ಬ್ಲೂಸ್ ಬಂತು. ಅದು ಹನ್ನೆರಡು ಮನೆಯದು, ಆರೇ ಆವರ್ತ. ಸ್ಯಾಕ್ಸೂ ಡ್ರಮ್ಸೂ ನಾಲ್ಕು ನಾಲ್ಕು ಮನೆ ಹಂಚಿಕೊಂಡು ಕೊಟ್ಟು ತೆಗೆದುಕೊಂಡಾಗ ಮಾತ್ರ ಅವಳ ಮುಖ ಚಿಕ್ಕದಾಯಿತು. “ನಾಲ್ಕಕ್ಕೇ ನಿಲ್ಲಿಸಿಬಿಟ್ಟರಲ್ಲ! ನಮ್ಮ ಮೃದಂಗ-ಘಟದವರ ಹಾಗೆ ಎರಡಕ್ಕೆ, ಒಂದಕ್ಕೆ ಇಳಿಸಿಕೊಂಡು ಬರಬಾರದೇ?”

ಆಮೇಲೆ ಬೇಸಿನವನ ಸರದಿ. ಆಳೆತ್ತರದ ಆ ವಾದ್ಯಕ್ಕೆ ದನಿ ಸಣ್ಣದು. ಉಳಿದಿಬ್ಬರು ಕೈಬಿಟ್ಟರೇ ಅದು ಕಿವಿಗೆ ಬೀಳುವುದು. ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವದ ಕಚೇರಿಗಳಲ್ಲಿ ಬೆಳೆದ ನನ್ನ ಮೈಗೆ ಇದು ಗೊತ್ತಾಗದೆ ಇರುತ್ತದೆಯೇ? ತನಿ ಆವರ್ತನ ಶುರು ಎಂದರೆ ಕಾಲು ತಾನಾಗಿ ಕಾಫಿಯ ಕಡೆ, ಬಾಯಿ ತಾನಾಗಿ ಪಕ್ಕದವರ ಕಡೆ. ಜಾಜ್ ಮಂದಿಯಲ್ಲೂ ಈ ಗಾದೆಯಂಥ ಗೇಲಿ ಉಂಟಂತೆ, ಬೇಸ್ ತನಿ ಬಂದರೆ ಮಾತು ಶುರು ಎಂದು. ನಾನು ಹೆಂಡತಿಯ ಕಡೆ ಬಗ್ಗಿ ಬಾಯಿ ತೆರೆದೆ. ಅವಳು ತಾಳ ಬಿಡದೆ, ಎಡಗೈ ಬೆರಳನ್ನು ನನ್ನ ತುಟಿಗೆ ಒತ್ತಿದಳು. ಅಕ್ಕನ ಈ ಶೌರ್ಯಕ್ಕೆ ತಮ್ಮ ಕತ್ತಲಲ್ಲೇ ಹಲ್ಲುಬಿಟ್ಟ. ಬಾಯಿ ಮುಚ್ಚಿದ್ದರಿಂದ ಕಿವಿ ಬೇರೆ ದಾರಿ ಕಾಣದೆ ಆ ಬೇಸನ್ನೇ ಕೇಳಿತು. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ನನ್ನಂಥವರಿಗೆ ಸೋಮವಾರ ಪ್ರಶಸ್ತವಂತೆ. ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಇಬ್ಬರೂ 1966ರಲ್ಲಿ ಶುರುಮಾಡಿದ ದೊಡ್ಡ ವಾದ್ಯವೃಂದ ಸೋಮವಾರ ಸೋಮವಾರ ನುಡಿಸುತ್ತ ಬಂದಿದೆ. ಆ ಚಿಕ್ಕ ಮೂಲೆಯಲ್ಲಿ ಹದಿನಾರು ಜನ, ಅದರಲ್ಲಿ ಊದುವವರೇ ಹದಿಮೂರು! ಮನೆಮಠ ವಿಚಾರವನ್ನೆಲ್ಲ ಗಟ್ಟಿಯಾಗಿ ಮಾತಾಡಿ ಮುಗಿಸಿದರೂ ಮಗ್ಗುಲವನಿಗೆ ಕೇಳಿಸದು. ಕೇಳಿಸಿಕೊಳ್ಳಬೇಕಾದವರಿಗೂ ಕೇಳಿಸದು ಎಂಬುದೊಂದೇ ಕೊರತೆ.

ಕಚೇರಿ ಮುಗಿದು ವಾದ್ಯಗಾರರು ಮೇಜುಗಳ ನಡುವೆಯೇ ಜಾಗ ಮಾಡಿಕೊಂಡು ಅಡುಗೆಮನೆಯತ್ತ ಹೊರಟರು. ನನ್ನವಳು ಬೇಸಿನವನನ್ನು ತಡೆದೇಬಿಟ್ಟಳು. ಆದಿತಾಳ, ಹದಿನಾರು ಆವರ್ತ ಎಂದು ತನ್ನ ಇಂಗ್ಲಿಷಿನಲ್ಲಿ ಬೆರಳು ಮಡಿಸಿ ವಿವರಿಸಿದಳು. ಆತ ತಾನೂ ಬೆರಳು ಮಡಿಸಿ ಎಣಿಸಿ, ಹುಬ್ಬೇರಿಸಿ, ಕೈಕುಲುಕಿ ಹೋದ. ಭಾವಮೈದುನ ಇಷ್ಟು ವರ್ಷ ಈ ಕ್ಲಬ್ಬಿಗೆ ಬರುತ್ತಿದ್ದರೂ ಒಬ್ಬ ವಾದ್ಯಗಾರನನ್ನೂ ಮಾತಾಡಿಸುವ ಧೈರ್ಯ ಮಾಡಿರಲಿಲ್ಲವಂತೆ. ಮೇಲಿನ ಫುಟ್‌ಪಾತಿನಲ್ಲಿ ಹತ್ತು ಗಂಟೆಯ ಆಟದವರು ಸಾಲುಗಟ್ಟಿದ್ದರು. ಅದಕ್ಕೆ ಬೇರೆಯೇ ಟಿಕೆಟ್ಟು.

“ನಡಿ ಅಕ್ಕ, ರೈಲಿಗೆ ಹೊತ್ತಾಯ್ತು.”

“ರೈಲು ಎಲ್ಲೂ ಹೋಗಲ್ಲ. ಇನ್ನೆರಡು ಟಿಕೆಟ್ ತಗೋ, ಪುಟ್ಟ. ಭಾವನಿಗೆ ಬೇಡ, ಅವರು ಇಲ್ಲೇ ಸಾಲಿನಲ್ಲಿರೋರ ಜತೆ ಮಾತಾಡ್ತಾ ಇರ್ತಾರೆ.”